ಚೀಫನ ಹಬ್ಬದಲ್ಲಿ ಮದ್ದಳೆ ಕೇಳಿದ ಮಾತು

ಲೇಗೋಸಿನ ಹಿನ್ನೀರ ಕೇರಿಯ ಗುಡಿಸಲುಗಳ ಮೇಲೆಲ್ಲ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಗುರುತು ಬಿದ್ದ ಮನೆಗೆ ಬುಲ್ಡೋಜರ್ ಬರುತ್ತದೆಂದು ಅಲ್ಲಿನ ಕೂಸಿಗೂ ಗೊತ್ತು. ಕೊಳೆತ ನೀರಲ್ಲಿ ಕಂಬ ನೆಟ್ಟು ಕಟ್ಟಿದ ಹಲಗೆ ಮನೆಗಳು. ಒಳಗೆ ಮೀನಿಗೆ ಹೊಗೆ ಹಾಕುವ ಹೆಂಗಸರು ಕೆಮ್ಮುತ್ತಲೇ ಮುದುಕಿಯರಾಗುತ್ತಿದ್ದರು. ಆ ನೀರು ಮುಚ್ಚಿ ಹೋಟೆಲು ಎಬ್ಬಿಸಲು ಊರಿನ ದೊಡ್ಡ ಮನೆತನದ ಯಜಮಾನ ಚೀಫ್ ಗ್ಬಾದೆಬೊ ಹೊರಟಿದ್ದ. ಎದುರು ನಿಂತವನು ಕೇರಿಯ ಸಾಲಿಯು ಎಂಬವನು. ಮಳೆಗಾಲಕ್ಕೆ ಮುಂಚೆ ಚೀಫನ ಜೀಪು ಬಂದು, ‘ಮಾತಾಡೋಣ ಬಾ’ ಎಂದು ಅವನನ್ನು ಕರೆದೊಯ್ದಿತು. ಮಳೆ ಬಂದು ಹೋಯಿತು. ಸಾಲಿಯು ಬರಲಿಲ್ಲ.

ಅದೇ ಕೇರಿಯ ಅಯನ್‌ತಾಯೊ, ನಾಡಿಗೇ ಹೆಸರಾದ ಹಾಡುಗಾರ ಲಾಸುನ್‌ನ ತಂಡದಲ್ಲಿ ಮದ್ದಳೆಯವನು. ಅದು ಬರೀ ತಾಳದ ಮದ್ದಳೆಯಲ್ಲ. ಕಂಕುಳಲ್ಲಿ ಅದುಮಿ ಕೋಲಿನಿಂದ ಬಡಿದರೆ ಯೊರುಬಾ ಮಾತಿನ ಏರಿಳಿತವನ್ನೇ ನುಡಿಯುತ್ತದೆ. ಆ ನುಡಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತು ತಿಳಿಯುತ್ತದೆ.

ಒಂದು ದಿನ ಲಾಸುನ್ನೇ ಕೇರಿಗೆ ಬಂದ.

‘ಶನಿವಾರ ಚೀಫರ ಹುಟ್ಟುಹಬ್ಬ. ಅವರ ವಂಶದ ಹೊಗಳಿಕೆ ನೀನೇ ನುಡಿಸ್ಬೇಕು.’

‘ಸಾಲಿಯುನ ನುಂಗ್ದೋನ್ನ ಹೊಗಳ್ಲಾ ಅಣ್ಣ? ನೀನೂ ಇದೇ ನೀರ ಮೇಲೆ ಹುಟ್ಟಿದೋನಲ್ವಾ?’

ಲಾಸುನ್ ಹಲಗೆಯ ಸಂದಿಯಿಂದ ಕೆಳಗೆ ನೋಡಿದ. ‘ಅದ್ಕೇ ಹೇಳ್ತಿರೋದು. ಈ ನೀರು ಎಷ್ಟು ಆಳ ಅಂತ ನಂಗೊತ್ತು.’

ಅವನು ಹೋದ ಮೇಲೆ ಸಾಲಿಯುನ ಹೆಂಡತಿ ಮೋರಿಯಾಮೊ ಒಲೆಯ ಪಕ್ಕದಿಂದ ಎದ್ದು ಬಂದಳು. ‘ಹೋಗಪ್ಪ. ನಂಗೆ ಚೀಫನ ಗೇಟ್ ತಾವ ನಿಲ್ಲಕ್ಕೂ ಬಿಡಲ್ಲ ಅವ್ರು. ನೀನಾದ್ರೆ ಒಳಕ್ಕೇ ಹೋಯ್ತೀಯ.’ ಅಷ್ಟೇ ಅಂದು ಮೀನು ಮಗುಚಲು ಹೋದಳು.

ಶನಿವಾರ ಮಧ್ಯಾಹ್ನ ಚೀಫನ ಅಂಗಳದಲ್ಲಿ ಶಾಮಿಯಾನ. ಮಂತ್ರಿಗಳು, ಜರಿ ನಿಲುವಂಗಿಯ ಸಾಹುಕಾರರು, ಕೋವಿ ಹಿಡಿದ ಕಾವಲಿನವರು. ಹಿಂದುಗಡೆ ಕೇರಿಯ ಹೆಂಗಸರೇ ಕೂಲಿಗೆ ಬಂದು ಅನ್ನ ಬೇಯಿಸುತ್ತಿದ್ದರು. ಲಾಸುನ್ ಹಾಡಿದ. ಮದ್ದಳೆ ಚೀಫನ ಅಪ್ಪನನ್ನು ಹೊಗಳಿತು, ತಾತನನ್ನು ಹೊಗಳಿತು. ಚೀಫ್ ಎದ್ದು ಕುಣಿಯುತ್ತ ಹತ್ತಿರ ಬಂದ. ಅಯನ್‌ತಾಯೊನ ತೋಳು ಮದ್ದಳೆಯನ್ನು ಅದುಮಿತು.

‘ಮಾತಿಗೆ ಕರೆದವನೇ, ಸಾಲಿಯು ಎಲ್ಲಿ?’ ಎಂದಿತು ಮದ್ದಳೆ.

ಆ ನುಡಿ ತಿಳಿಯದ ಬೇರೆ ಸೀಮೆಯ ಕಾವಲಿನವರು ತಾಳಕ್ಕೆ ತಲೆದೂಗುತ್ತಲೇ ಇದ್ದರು. ಚೀಫನ ಕಾಲು ನಿಂತಿತು. ಲಾಸುನ್ ದನಿಯೇರಿಸಿ ಮದ್ದಳೆಯ ಮಾತನ್ನು ಮುಚ್ಚಲು ನೋಡಿದ. ಮದ್ದಳೆ ಮತ್ತೆ ಕೇಳಿತು. ಹಿಂದೆ ಸೌಟುಗಳು ನಿಂತವು.

ಚೀಫ್ ನಗುತ್ತಲೇ ಮದ್ದಳೆಯವನ ಕಿವಿಗೆ ಬಾಗಿದ. ‘ಚೆನ್ನಾಗಿ ನುಡಿಸ್ತೀಯಪ್ಪ. ಊಟ ಮಾಡ್ಕೊಂಡು ಇರು. ನಮ್ಮ ಜೀಪಲ್ಲೇ ಮನೆಗೆ ಬಿಡಿಸ್ತೀನಿ.’

ಅದು ಕೇಳಿಸಿದ್ದು ಅಯನ್‌ತಾಯೊ, ಲಾಸುನ್ ಇಬ್ಬರಿಗೆ ಮಾತ್ರ. ಲಾಸುನ್‌ನ ಹಾಡು ಅರ್ಧಕ್ಕೇ ನಿಂತುಹೋಯಿತು. ಅವನು ಮೈಕನ್ನು ಬಾಯಿಂದ ತೆಗೆಯದೆ ಮೆಲ್ಲಗೆ ಅಂದ: ‘ಇವನನ್ನೂ ಜೀಪಲ್ಲೇ ಕಳಿಸ್ತಾರಂತೆ.’

ಶಾಮಿಯಾನದ ಮೂಲೆಮೂಲೆಗೂ ಕೇಳಿಸಿತು.

ಹೆಂಗಸರು ಒಲೆ ಬಿಟ್ಟು ಬಂದರು. ಯಾರೂ ಕೂಗಾಡಲಿಲ್ಲ. ಅಯನ್‌ತಾಯೊನನ್ನು ನಡುವೆ ಹಾಕಿಕೊಂಡರು. ‘ನಮ್ ಜೊತೇಲೇ ನಡ್ಕೊಂಡು ಬತ್ತಾನೆ,’ ಎಂದಳು ಒಬ್ಬಳು.

ಗುಂಪು ಗೇಟಿನ ತನಕ ಹೋಯಿತು. ಕಾವಲಿನವರು ಬೀಗ ಜಡಿದು, ಕೋವಿ ಚಾಚಿ ಅಡ್ಡ ನಿಂತರು. ಹಿಂದೆ ಎಲ್ಲೋ ಜೀಪು ಗುರುಗುಟ್ಟಿತು.

ಮೈಕಿನ ಮಾತು ಕೇಳಿ ಗೇಟಿನಾಚೆ ಕೇರಿಯವರು ಸೇರುತ್ತಿದ್ದರು. ಅವರೊಳಗಿಂದ ಮೋರಿಯಾಮೊಳ ದನಿ ಬಂತು: ‘ಮದ್ದಳೆ ನಿಲ್ಲುಸ್ಬ್ಯಾಡಪ್ಪ. ಬೀದಿಗೂ ಕೇಳ್ಲಿ.’