ಬಾಣನ ತೊಡೆಯ ಎಳೆ

ಪಶುವೈದ್ಯ ಕಾಲೇಜಿನಲ್ಲಿ ನಾಯಿಗಳ ಸ್ನಾಯುಗಳ ಬಗ್ಗೆ ಪಾಠ ಹೇಳುವ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ನಾರಪ್ಪ. ತಟ್ಟೆಯಲ್ಲಿ ಬೀನ್ಸ್ ಕಂಡರೂ ಅದರ ನಾರು ಯಾವ ಪಂಗಡದ್ದೆಂದು ವಿಚಾರಿಸುವ ಆಸಾಮಿ.

"ಸ್ನಾಯುವಿನ ಎಳೆಗಳಲ್ಲಿ ಮುಖ್ಯವಾಗಿ ಎರಡು ಪಂಗಡ ಕಣ್ರಪ್ಪ," ಎಂದು ಪ್ರತಿವರ್ಷ ಅದೇ ರಾಗದಲ್ಲಿ ಶುರು ಮಾಡುತ್ತಿದ್ದರು. "ಒಂದು ಚುರುಕಿನದು. ಸರಕ್ಕನೆ ಸೆಟೆಯುತ್ತೆ, ಓಟಕ್ಕೆ ಬೇಕು. ಇನ್ನೊಂದು ನಿಧಾನದ್ದು. ಅವಸರ ಇಲ್ಲ, ಆಯಾಸವೂ ಇಲ್ಲ. ಕಚೇರಿ ಥರ ಅಂತ ನಗಬೇಡಿ, ಕಚೇರಿಗೆ ಆಯಾಸ ಇದೆ."

ನಗು ಮುಗಿದ ಮೇಲೆ ಗಂಭೀರವಾಗುತ್ತಿದ್ದರು. ಸ್ನಾಯುವಿನ ತೆಳು ಚೂರನ್ನು ಆಮ್ಲದಲ್ಲಿ ಅದ್ದಿ ಬಣ್ಣ ಹಾಕಿದರೆ ನಿಧಾನದ ಎಳೆ ಕಪ್ಪಾಗಿ, ಚುರುಕಿನದು ಬಿಳಿಚಿಕೊಂಡು ಕಾಣುತ್ತದೆ. ಕ್ಷಾರದಲ್ಲಿ ಅದ್ದಿದರೆ ಎಲ್ಲ ತಿರುವುಮುರುವು. "ಬಣ್ಣ ನೋಡಿ ಮರುಳಾಗಬೇಡಿ. ಮೊದಲು ಯಾವ ಸ್ನಾನ ಅಂತ ಕೇಳಿ!"

ಅವರು ಮಾತ್ರ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಅವರ ಮೇಜಿನ ಮೇಲೆ ಆಮ್ಲದ ಜಾಡಿ ಎಡಕ್ಕೆ, ಕ್ಷಾರದ್ದು ಬಲಕ್ಕೆ. ಕೈಗೆ ಅಭ್ಯಾಸವಾಗಿದ್ದುದರಿಂದ ಚೀಟಿ ಅಂಟಿಸುವುದೆಂದರೆ ಸ್ವಂತ ಮನೆ ಬಾಗಿಲಿಗೆ ದಾರಿಫಲಕ ಹಾಕಿದಷ್ಟು ಅವಮಾನ.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ಅಕ್ಕ ನಾಯಿ ಹಿಡಿದುಕೊಂಡು ಕಾಲೇಜಿಗೇ ಬಂದಳು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಾಯಿಯ ಹೆಸರು ಬಾಣ. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ ನೋಡಿ, ಓಟದ ತಳಿಯೆಂದು ನಂಬಿ ತಂದ ಭಾವ ಇಟ್ಟ ಹೆಸರದು. ಬಂದ ದಿನದಿಂದ ಅದು ಓಡಿದ್ದೇ ಇಲ್ಲ. ಅಕ್ಕ ಮಿಷನ್ ತುಳಿಯುವಾಗ ಅವಳ ಪಾದದ ಮೇಲೆ ಗದ್ದವಿಟ್ಟು ಮಲಗುತ್ತಿತ್ತು. ಪಾದದ ಜೊತೆ ಗದ್ದವೂ ಮೇಲೆ ಕೆಳಗೆ ಆಡುತ್ತಿತ್ತು. ಅದಕ್ಕೆ ಅಷ್ಟು ವ್ಯಾಯಾಮ ಸಾಕಾಗಿತ್ತು.

"ನಿಮ್ಮ ಭಾವ ಏನಂತಾರೆ ಗೊತ್ತೇನೋ?" ಅಕ್ಕ ಸೊಂಟದ ಮೇಲೆ ಕೈಯಿಟ್ಟು, ಇಲ್ಲದ ಹೊಟ್ಟೆಯನ್ನು ಮುಂದೆ ತಂದು, ಗಂಡನ ದನಿ ತೆಗೆದಳು. "'ಇದು ಬಾಣ ಅಲ್ಲ ಕಣೇ, ಬಾಣಂತಿ! ನಾಯಿ ಓಟದ ಕ್ಲಬ್ಬಲ್ಲಿ ನನ್ನ ಮಾನ ಹೋಯ್ತು!' ಈ ತಿಂಗಳ ಓಟದಲ್ಲಿ ಓಡದಿದ್ರೆ ಇದನ್ನ ಗೋದಾಮಿನ ಕಾವಲಿಗೆ ಕೊಡ್ತಾರಂತೆ. ಅಲ್ಲಿ ಹಗಲೂ ರಾತ್ರಿ ಸರಪಳಿ ಕಣೋ. ನೀನೇ ಏನಾದ್ರೂ ಮಾಡು."

ನಾಯಿಗೆ ಹೇಗೂ ಒಂದು ಹುಳುಕು ಹಲ್ಲು ಕೀಳಬೇಕಿತ್ತು. ಅರಿವಳಿಕೆ ಕೊಟ್ಟು ಹಲ್ಲು ಕಿತ್ತ ಹೊತ್ತಿನಲ್ಲೇ ಮೇಷ್ಟ್ರು ತೊಡೆಯಿಂದ ಅಕ್ಕಿಕಾಳಿನಷ್ಟು ಸ್ನಾಯು ತೆಗೆದರು. ಅದ್ದಿದರು, ಬಣ್ಣ ಹಾಕಿದರು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಬಲಗಡೆಯ ಜಾಡಿಯಲ್ಲಿ ಅದ್ದಿದ ಚೂರಿನ ತುಂಬ ಕಪ್ಪೋ ಕಪ್ಪು. ಬಲಗಡೆಯೆಂದರೆ ಕ್ಷಾರ, ಕ್ಷಾರದಲ್ಲಿ ಕಪ್ಪೆಂದರೆ ಚುರುಕು.

"ಭಾವ, ನಿಮ್ಮ ನಾಯಿ ತೊಡೆ ತುಂಬ ಚುರುಕಿನ ಎಳೆ," ಎಂದು ಅಂದೇ ಸಂಜೆ ಘೋಷಿಸಿದರು. "ಇಷ್ಟು ದಿನ ಅದಕ್ಕೆ ಓಡೋಕೆ ಕಾರಣ ಸಿಕ್ಕಿರಲಿಲ್ಲ, ಅಷ್ಟೆ."

ಸೋಫಾ ಅಂಗಡಿ ಇಟ್ಟಿದ್ದ, ಮಾಲು ಚೆನ್ನಾಗಿದೆಯೆಂದು ತೋರಿಸಲು ಇಡೀ ದಿನ ಅದರ ಮೇಲೇ ಕೂತಿರುತ್ತಿದ್ದ ಭಾವ ಎದ್ದು ನಿಂತರು. ಅವರು ತಾವಾಗಿ ಎದ್ದದ್ದು ಅಪರೂಪ. "ನಾನು ಅವತ್ತೇ ಹೇಳಿರಲಿಲ್ವೇನಯ್ಯಾ!"

ಓಟದ ದಿನ ಮೈದಾನದ ಸುತ್ತ ಕ್ಲಬ್ಬಿನವರೆಲ್ಲ ನೆರೆದಿದ್ದರು. ದಾರಕ್ಕೆ ಕಟ್ಟಿದ ಬಟ್ಟೆಯುಂಡೆಯನ್ನು ಯಂತ್ರ ಸುಯ್ಯನೆ ಎಳೆಯಿತು. ಉಳಿದ ನಾಯಿಗಳು ಗುಂಡಿನಂತೆ ಚಿಮ್ಮಿದವು. ಬಾಣ ಆಕಳಿಸಿತು. ಆಮೇಲೆ, ತರಕಾರಿ ತರಲು ಹೊರಟವರ ಹಾಗೆ, ಸಣ್ಣ ಕುಕ್ಕುಲೋಟದಲ್ಲಿ ಹೊರಟಿತು.

"ಯಾರದ್ರೀ ಆ ನಾಯಿ?" ಎಂದು ಯಾರೋ ಕೂಗಿದರು. ಭಾವ ತಾವೂ ಕತ್ತು ಉದ್ದ ಮಾಡಿ ಆ ಯಜಮಾನನನ್ನು ಹುಡುಕಿದರು.

ಉಳಿದವು ಗೆರೆ ದಾಟಿ, ನಾಲಿಗೆ ಇಳಿಬಿಟ್ಟು ಕುಸಿದ ಎಷ್ಟೋ ಹೊತ್ತಿನ ಮೇಲೆ ಬಾಣ ಬಂತು. ಬಂದದ್ದು ನಿಲ್ಲಲಿಲ್ಲ. ಅದೇ ಲಯದಲ್ಲಿ ಗೇಟು ದಾಟಿ, ಹಾಲಿನ ವ್ಯಾನಿನ ಹಿಂದೆ ಹೆದ್ದಾರಿ ಹಿಡಿಯಿತು. ಭಾವನ ಕಾರಿನ ಮುಂದೆ ಯಾರೋ ಕಾರು ನಿಲ್ಲಿಸಿದ್ದರು. ಮರ್ಯಾದೆ ಮುಂದೆ ಓಡುತ್ತಿರುವಾಗ ನೋಡುತ್ತ ನಿಲ್ಲುವುದು ಹೇಗೆ? ಭಾವ ಹಿಂದೆ ನಡೆದರು.

ಸಂಜೆ ಇಬ್ಬರೂ ಕಾಲ್ನಡಿಗೆಯಲ್ಲೇ ಮರಳಿದರು. ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಸರಪಳಿ ಹಿಡಿದ ಭಾವ ಬಾಗಿಲಲ್ಲೇ ಗುಡುಗಿದರು: "ನಾಳೆ ಗೋದಾಮಿಗೆ!" ಏದುಸಿರೂ ಇಲ್ಲದ ಬಾಣ, ಇಷ್ಟೇನಾ ಎನ್ನುವಂತೆ ರಸ್ತೆ ಕಡೆ ತಿರುಗಿ ನೋಡಿತು.

ಆ ನೋಟ, ಅಕ್ಕನ ಜೊತೆ ಬಾಗಿಲಲ್ಲಿ ಕಾಯುತ್ತಿದ್ದ ಮೇಷ್ಟ್ರಿಗೆ ಚುಚ್ಚಿತು. ನೇರ ಪ್ರಯೋಗಾಲಯಕ್ಕೆ ಹೋದರು. ಮೇಜಿನ ಎಡಮೂಲೆಯಲ್ಲಿ ದುಂಡನೆಯ ಟೀ ಕಲೆಯೊಂದಿತ್ತು. ಅಂದು, ಬಾಣನ ಚೂರು ಅದ್ದುವ ಮುಂಚೆ, ಲೋಟ ಇಡಲು ಎಡದ ಜಾಡಿ ಎತ್ತಿ ಬಲಕ್ಕಿಟ್ಟದ್ದು, ಬಲದ್ದು ಸರಿಯುತ್ತ ಸರಿಯುತ್ತ ಎಡಕ್ಕೆ ಬಂದದ್ದು ಈಗ ನೆನಪಾಯಿತು. ಆಮ್ಲ, ಕ್ಷಾರ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಿದರು. ಬಲಕ್ಕಿದ್ದದ್ದು ಆಮ್ಲ. ಕಂಡ ಕಪ್ಪೆಲ್ಲ ನಿಧಾನದ ಎಳೆ.

ತಪ್ಪಿಸಿಕೊಳ್ಳಲು ದಾರಿಯೇನೋ ಇತ್ತು. ನಾಯಿಗಳಲ್ಲಿ ಚುರುಕಿನ ಎಳೆ ಕೂಡ ಬೇಗ ದಣಿಯುವುದಿಲ್ಲ. ಆಮ್ಲಜನಕವನ್ನು ಅದೂ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ. ಹಾಗೆಂದು ಭಾಷಣ ಬಿಗಿದರೆ ಪ್ರಶ್ನಿಸುವವರು ಊರಿನಲ್ಲೇ ಇರಲಿಲ್ಲ. ಸುಳ್ಳನ್ನು ಮುಚ್ಚಲು ಅಪ್ಪಟ ಸತ್ಯವೇ ಸಿಕ್ಕಿತ್ತು. ಆದರೆ ಆ ಭಾಷಣದಿಂದ ಉಳಿಯುವುದು ಮೇಷ್ಟ್ರ ಹೆಸರು. ಚುರುಕಿದ್ದೂ ಓಡದ ಸೋಮಾರಿಯೆಂದು ಬಾಣನ ಕೊರಳಿಗೆ ಬೀಳುವುದು ಸರಪಳಿ. ಚೂರು ಕೂತ ಗಾಜಿನ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ನಡೆದರು.

ಭಾವ ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಪಾದ ಇಳಿಬಿಟ್ಟು ಕೂತಿದ್ದರು.

"ಭಾವ, ತಪ್ಪು ನನ್ನದು. ಜಾಡಿ ಅದಲುಬದಲಾಯ್ತು. ಬಾಣನದ್ದು ನಿಧಾನದ ಎಳೆ."

"ನಿಧಾನ ಅನ್ನೋದಕ್ಕೆ ತೊಡೆ ಬೇರೆ ಕೊಯ್ದೆಯೇನಯ್ಯಾ? ಅದನ್ನ ಇಡೀ ಮೈದಾನ ನೋಡಿತಲ್ಲ!"

"ನಿಧಾನ ಅಂದ್ರೆ ಸೋಮಾರಿ ಅಲ್ಲ ಭಾವ. ದೂರದ ನಡಿಗೆಗೆ ಹೇಳಿ ಮಾಡಿಸಿದ್ದು. ಇವತ್ತು ನೀವೇ ನೋಡಿದ್ರಲ್ಲ."

"ಕ್ಲಬ್ಬಲ್ಲಿ ಏನಂತ ಹೇಳ್ಲಿ?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ತಮ್ಮನ ಪಾಠದ ರಾಗ ಹಿಡಿದಳು. "'ಕಣ್ರಪ್ಪ, ನಿಮ್ಮ ನಾಯಿಗಳು ಒಂದು ಸುತ್ತಿಗೇ ಮಲಗಿದ್ವು. ನಮ್ಮದು ಹೆದ್ದಾರಿ ನೋಡಿಕೊಂಡು ಬಂತು!' ಅಂತ ಹೇಳಿ. ಅಷ್ಟಕ್ಕೂ ರೀ, ಅಷ್ಟು ದೂರ ಅದರ ಜೊತೆಗೇ ಹೋಗಿ ಬಂದವರು ಯಾರು?"

ಭಾವ ಯೋಚಿಸಿದರು. ಮುಖದ ಮೇಲೆ ಏನೋ ಒಂದು ನಿಧಾನವಾಗಿ, ಬಲು ನಿಧಾನವಾಗಿ ಬೆಳಗಿತು. ಒಂದು ಕಾಲನ್ನು ನೀರಿನಿಂದೆತ್ತಿ, ಪೈಜಾಮ ಮೇಲೆ ಸರಿಸಿ, ಮೀನಖಂಡವನ್ನು ತಟ್ಟಿದರು.

"ಹಾಗಾದ್ರೆ ನಂದೂ ಅದೇ ಎಳೆ ಇರಬೇಕು, ಅಲ್ವೇನಯ್ಯಾ? ಕಪ್ಪು?"

ಮೇಷ್ಟ್ರು ಬಾಯಿ ತೆರೆದರು. ಪರೀಕ್ಷಿಸದೆ ಹೇಳುವುದು ವಿಜ್ಞಾನವಲ್ಲ ಎಂದು ಶುರು ಮಾಡುವುದರಲ್ಲಿದ್ದರು. ಮಿಷನ್ ತುಳಿಯುವ ಅಕ್ಕನ ಪಾದ ಬಂದು ಅವರ ಹೆಬ್ಬೆರಳಿನ ಮೇಲೆ ಕೂತಿತು.

"ಕಡುಗಪ್ಪು, ಭಾವ."

"ನೋಡಿದ್ಯೇನೇ!" ಭಾವ ಕಾಲನ್ನು ಮತ್ತೆ ಬಕೆಟ್ಟಿಗೆ ಇಳಿಸಿದರು. "ಬೆಳಿಗ್ಗೆ ಬೇಗ ಎಬ್ಬಿಸು. ನಾನೂ ಬಾಣನೂ ನಡೆಯೋಕೆ ಹೋಗ್ತೀವಿ."

ಆ ಸ್ನಾನ ಆಮ್ಲದ್ದೋ ಕ್ಷಾರದ್ದೋ ಎಂದು ಯಾರೂ ಕೇಳಲಿಲ್ಲ. ತಮ್ಮನ ಹೆಬ್ಬೆರಳಿನಿಂದ ಅಕ್ಕನ ಪಾದ ಇಳಿಯುವುದನ್ನೇ ಕಾಯುತ್ತಿದ್ದ ಬಾಣ, ಅದರ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು.