ನಾಯಿಗೆ ಹೇಳಿದ ಮಾತು

ಸುಮಾತ್ರಾ ದ್ವೀಪದ ಪಾಯಕುಂಬುಹ್‌ನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಥೆ ಓದಿಸಲು ಇದ್ದದ್ದು ಶನಿವಾರದ ಒಂದೇ ಪಿರಿಯಡ್ಡು. ಅದನ್ನೂ ಕಿತ್ತುಹಾಕಲು ಶಾಲಾ ಇನ್ಸ್‌ಪೆಕ್ಟರ್ ಜುಲ್‌ಹೆಂದ್ರಿ ಬಂದಿದ್ದರು.

"ಇಬು ಎಲಿವಾರ್ನಿ, ಈ ಮಕ್ಕಳು ನಾಳೆ ಹೋಟೆಲಲ್ಲಿ ಕೆಲಸ ಮಾಡೋರು. ಕಥೆ ಕಟ್ಕೊಂಡು ಏನ್ಮಾಡ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷ ಕಾಪಾಡಿಕೊಂಡು ಬಂದ ಪಿರಿಯಡ್ಡು ಅದು!

"ಒಂದು ಪಾಠ ಕೂತು ನೋಡಿ ಬಪಾಕ್, ಆಮೇಲೆ ತೀರ್ಮಾನ ಮಾಡಿ" ಎಂದೆ. ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನು 'ಇಬು', ಗಂಡಸರನ್ನು 'ಬಪಾಕ್' ಎನ್ನುತ್ತೇವೆ.

ಅವತ್ತಿನ ಕಥೆಯಲ್ಲಿ ಇಂಗ್ಲೆಂಡಿನ ಒಬ್ಬ ಮುದುಕಿ, ಅವಳ ಅಳಿಯ, ಒಂದು ನಾಯಿ. ಮುದುಕಿ ಮಾತಾಡುವುದೆಲ್ಲ ನಾಯಿಯ ಜೊತೆ. ನಾನು ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ. ಮಾತು ಯಾರದು, ಯಾರಿಗೆ ಹೇಳಿದ್ದು, ಅದಕ್ಕೆ ಮುಂಚೆ ನಡೆದದ್ದೇನು. ಮುದುಕಿ ನಾಯಿಯ ಜೊತೆಗೇ ಯಾಕೆ ಮಾತಾಡುತ್ತಾಳೆ ಎಂಬುದು ಪ್ರಶ್ನೆ. ಮಕ್ಕಳು ಒಂದೊಂದೇ ಸಾಲು ತುಂಬಿದರು.

ಹಿಂದಿನ ಬೆಂಚಿನಿಂದ ಇನ್ಸ್‌ಪೆಕ್ಟರು ನಕ್ಕರು. "ಇಷ್ಟಕ್ಕೆ ಇಷ್ಟೊಂದು ರಾಮಾಯಣವಾ? ಒಂಟಿ ಹೆಂಗಸು, ನಾಯಿ ಅಂದ್ರೆ ಪ್ರಾಣ. ಉತ್ತರದ ಪುಸ್ತಕದಲ್ಲೇ ಇದೆ."

ನಿಜ ಹೇಳಬೇಕೆಂದರೆ ನಾನೂ ಪ್ರತಿವರ್ಷ ಅದನ್ನೇ ಬರೆಸುತ್ತಿದ್ದೆ.

ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಮಗಳು ದೆಸ್ಮವಿತಾ ಎದ್ದು ನಿಂತಳು. ಜೋರಾಗಿ ಮಾತಾಡಿದವಳೇ ಅಲ್ಲ.

"ಅಲ್ಲ ಬಪಾಕ್. ನಡುವಿನ ಕಾಲಂ ಪೂರ್ತಿ ನಾಯಿ. ಕೊನೇದು ಪೂರ್ತಿ ಅಳಿಯ. ಅವ್ನು ಸಿಗರೇಟಿನ ಬೂದಿ ಚೆಲ್ಲಿದ, ಇವ್ಳು ನಾಯಿಗೆ 'ಗಲೀಜು ಮಾಡ್ಬೇಡ' ಅಂದ್ಳು. ಅವ್ನು ಲೇಟಾಗಿ ಎದ್ದ, ನಾಯಿಗೆ 'ಸೋಮಾರಿ' ಅಂದ್ಳು. ನಮ್ಮಜ್ಜಿ, ಅಮ್ಮನ ಅಮ್ಮ, ಅಪ್ಪನ್ನ ಬೈಯೋದೂ ಹಿಂಗೇ. ಕೋಳಿಗೆ! ಪಾಪ, ನಮ್ಮನೆ ಕೋಳಿಗಳು ತಿಂದಷ್ಟು ಬೈಗುಳ ಯಾರೂ ತಿಂದಿಲ್ಲ."

ತರಗತಿ ಹೋ ಎಂದು ನಕ್ಕಿತು. ನಮ್ಮಲ್ಲಿ ಮದುವೆಯಾದ ಮೇಲೆ ಅಳಿಯನೇ ಹೆಂಡತಿಯ ಮನೆಗೆ ಬಂದು ಇರುವುದು. ಅತ್ತೆ ಅವನ ಮುಖಕ್ಕೆ ಹೊಡೆದಂತೆ ಹೇಳುವ ಹಾಗಿಲ್ಲ. ಹದಿನಾರು ವರ್ಷ ನನಗೆ ಕಾಣದ್ದು ಈ ಹುಡುಗಿಗೆ ಕಂಡಿತ್ತು.

"ನಿಮ್ಮತ್ತೆ ಯಾರಿಗೆ ಬೈತಾರೆ ಬಪಾಕ್?" ಯಾವಳೋ ತರಲೆ ಕೇಳಿಯೇಬಿಟ್ಟಳು.

ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. "ಬೆಕ್ಕಿಗೆ" ಎಂದರು ಮೆಲ್ಲಗೆ. ಎದ್ದು ಬೋರ್ಡಿನ ಹತ್ತಿರ ಬಂದು ಮೂರೂ ಕಾಲಂ ಮೇಲಿಂದ ಕೆಳಗೆ ಓದಿದರು.

ಗಂಟೆ ಹೊಡೆಯಿತು. ಹೊರಡುವಾಗ ಜಗಲಿಯಲ್ಲಿ ಶಾಲೆಯ ಬೆಕ್ಕು ಮಲಗಿತ್ತು. ನನ್ನ ಕಡೆ ತಿರುಗದೆ ಅವರು ಅದರ ಮುಂದೆ ನಿಂತರು.

"ಏಯ್, ಕೇಳಿಸ್ಕೋ. ಶನಿವಾರದ ಪಿರಿಯಡ್ಡು ಎಲ್ಲೂ ಹೋಗಲ್ಲ. ಉತ್ತರದ ಪುಸ್ತಕ ತಿದ್ದೋಕೂ ಮೇಲಿನವರಿಗೆ ಬರೀತೀನಿ."

ನಾನೂ ಬೆಕ್ಕಿಗೇ ಹೇಳಿದೆ: "ಬರೆಯುವಾಗ ದೆಸ್ಮವಿತಾ ಅಂತ ಹೆಸರು ಹಾಕೋಕೆ ಹೇಳು. ನನ್ನ ಶಿಷ್ಯೆ ಅವಳು!"