ಬಾಡಿಗೆ ಮನೆಯ ಹಿತ್ತಲು

"ಅದು ನಾಳಿಕ್ ಅರಳೋ ಮೊಗ್ಗು ಅಮ್ಮಾವ್ರೇ, ಅದನ್ಯಾಕೆ ಕೀಳ್ತೀರಾ?"

ಮನೆಯೊಡತಿ ವಿಜಯಮ್ಮ ತಿರುಗಿ ನೋಡಲಿಲ್ಲ. ದುಂಡುಮಲ್ಲಿಗೆ ಗಿಡವನ್ನು ಒಂದು ಕೈಯಲ್ಲಿ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬಲಿತದ್ದು ಎಳೆಯದು ಎನ್ನದೆ ಮೊಗ್ಗು ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ರೆಂಬೆ ಲಟಕ್ಕನೆ ಮುರಿಯಿತು. ಹಿಂಬಾಗಿಲಲ್ಲಿ ನಿಂತಿದ್ದ ಪ್ರೇಮಕುಮಾರಿ ಮೆಟ್ಟಿಲಿಳಿದು ಬಂದಳು.

"ನನ್ ಇತ್ಲಲ್ಲಿ ಊವ ಕುಯ್ಯಾಕೆ ನಿನ್ ಕೇಳ್ಬೇಕಾ?"

"ಇತ್ಲು ನಿಮ್ದು. ಗಿಡ ನಂದು."

ವಿಜಯಮ್ಮ ಈಗ ತಿರುಗಿದಳು. ನುಗ್ಗೇಹಳ್ಳಿಯಲ್ಲಿ ಅವಳ ಗಂಡನ ಮನೆತನಕ್ಕೆ ಎದುರು ಮಾತಾಡಿ ಅಭ್ಯಾಸವಿದ್ದವರು ಕಡಿಮೆ. ಅದರಲ್ಲೂ ಬಾಡಿಗೆಯವಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ಅಂಗಾ? ಸರಿ. ನನ್ ಮನೆ ಖಾಲಿ ಮಾಡು. ಈ ತಿಂಗ್ಳು ಮುಗಿಯೋದ್ರೊಳ್ಗೆ."

ಪ್ರೇಮಕುಮಾರಿ ಮತ್ತು ಅವಳ ಗಂಡ, ಲೈನ್‌ಮನ್ ಅಶೋಕ, ಈ ಮನೆಗೆ ಬಂದಾಗ ಹಿಂದೆ ಇದ್ದದ್ದು ಬರೀ ಕಾಂಗ್ರೆಸ್ ಗಿಡ, ಒಡೆದ ಹೆಂಚು, ಯಾವಾಗಲೋ ಕೆಡವಿದ ಕೊಟ್ಟಿಗೆಯ ಸುಣ್ಣದ ಗೋಡೆಯ ಚೂರು. "ಏನಾದ್ರೂ ಮಾಡ್ಕೊ, ಆವು ಸೇರ್ದಿದ್ರೆ ಸಾಕು" ಎಂದಿದ್ದವಳು ಇದೇ ವಿಜಯಮ್ಮ. ಹೊಲಿಗೆ ಕೆಲಸ ಮುಗಿದ ಸಂಜೆಗಳಲ್ಲಿ ಪ್ರೇಮಕುಮಾರಿ ಆ ನೆಲವನ್ನು ಅಗೆದಳು. ತವರೂರು ದಂಡಿಗನಹಳ್ಳಿಯಿಂದ ಗೊಬ್ಬರದ ಚೀಲಗಳನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದು ಕಂಡಕ್ಟರನ ಕೈಲಿ ಬೈಸಿಕೊಂಡಳು. ಮೊದಲ ವರ್ಷ ಏನೂ ಬರಲಿಲ್ಲ. ಎರಡನೆಯ ವರ್ಷ ಬಂದದ್ದನ್ನು ಹುಳು ತಿಂದವು. ಈ ಸಲ ಭರಣಿ ಮಳೆ ಒಂದೆರಡು ಬಾರಿ ಚೆನ್ನಾಗಿ ಹೊಡೆದದ್ದೇ ತಡ, ಹಿತ್ತಲು ಹುಚ್ಚೆದ್ದಂತೆ ಬೆಳೆಯಿತು. ಹೀರೆಬಳ್ಳಿ ಚಪ್ಪರ ಸಾಲದೆ ವಿಜಯಮ್ಮನ ಕಾಂಪೌಂಡಿನ ಮೇಲೆ ಹತ್ತಿತು. ಟೊಮೆಟೊ ಗಿಡಗಳು ಕಾಯಿಯ ಭಾರಕ್ಕೆ ಕಟ್ಟಿದ ಕಡ್ಡಿಗಳ ಸಮೇತ ವಾಲಿದವು. ಪರಂಗಿ ಗಿಡ ಕಿಟಕಿಯ ಎತ್ತರ ದಾಟಿತು. ಸೀಬೆ ಮೊದಲ ಸಲ ಕಾಯಿ ಕಚ್ಚಿತು. ಕನಕಾಂಬರ ಬಾವಿಕಟ್ಟೆಯವರೆಗೂ ಹಬ್ಬಿತು.

ಹಿತ್ತಲು ಚೆನ್ನಾದ ಮೇಲೆಯೇ ವಿಜಯಮ್ಮ ಅತ್ತ ಬರತೊಡಗಿದ್ದು. ನೆಂಟರು ಬಂದರೆ "ಬನ್ನಿ, ನಮ್ ಇತ್ಲು ನೋಡಿ" ಎಂದು ಕರೆತರುತ್ತಿದ್ದಳು. ಪ್ರೇಮಕುಮಾರಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು.

ಮಲ್ಲಿಗೆಯ ಜಗಳದ ರಾತ್ರಿ ಅಶೋಕ ಊಟದ ಮುಂದೆ ಹೇಳಿದ, "ನಿಂಗೇನಾಗಿತ್ತು? ನಾಕ್ ಊವ ತಾನೆ? ಈಗ ಮನೇನೆ ಓಯ್ತು."

"ಓಗ್ಲಿ."

"ಬಸ್‌ಸ್ಟ್ಯಾಂಡ್ ತಾವ ರೇಷನ್ ಅಂಗ್ಡಿ ಮ್ಯಾಲೆ ಒಂದು ಮನೆ ಐತೆ. ಮಹಡಿ. ಮಣ್ಣಿರಲ್ಲ, ನೋಡ್ಕೊ."

ಅವಳು ತಟ್ಟೆ ಎತ್ತಿದಳು.

ಮರುದಿನ ಬೆಳಿಗ್ಗೆ ಹಿತ್ತಲ ನಲ್ಲಿಯಲ್ಲಿ ನೀರು ಬರಲಿಲ್ಲ. ವಿಜಯಮ್ಮ ವಾಲ್ವು ತಿರುಗಿಸಿ ಬಟ್ಟೆ ಸುತ್ತಿ ಬಿಗಿದಿದ್ದಳು. ಪ್ರೇಮಕುಮಾರಿ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಹೊತ್ತು ಹಾಕಿದಳು. ಕಾಂಪೌಂಡಿನ ಆಚೆಯಿಂದ ವಿಜಯಮ್ಮ ಈಚೆಗೆ ಕೇಳುವಂತೆ ನಕ್ಕಳು. ಇವಳು ಹೀರೆಬಳ್ಳಿಯನ್ನು ಕಾಂಪೌಂಡಿನಿಂದ ಸರಸರ ಎಳೆದು ಈಚೆಗೆ ಹಾಕಿಕೊಂಡಳು. ಆಚೆ ನೇತಾಡುತ್ತಿದ್ದ ಕಾಯಿಗಳಲ್ಲಿ ಒಂದನ್ನೂ ಬಿಡಲಿಲ್ಲ.

ಅಶೋಕ ಮಹಡಿ ಮನೆಗೆ ಮುಂಗಡ ಕೊಟ್ಟ ಸುದ್ದಿ ತಿಳಿದು, ಆ ವಾರದ ಕೊನೆಗೆ ವಿಜಯಮ್ಮನೇ ಹಿಂಬಾಗಿಲಿಗೆ ಬಂದಳು. "ಶುಕ್ರವಾರ ನಮ್ ಸೊಸೆ ದೀಪಂಗೆ ಸೀಮಂತ. ಅಲ್ಲೀಗಂಟ ಒಂದ್ ಊವ, ಒಂದ್ ಕಾಯಿ ಮುಟ್ಟಂಗಿಲ್ಲ. ಬೀಗರ ಮುಂದೆ ಇತ್ಲು ಲಕ್ಷಣವಾಗಿರ್ಬೇಕು. ಶನಿವಾರ ನೀವು ಒಂಟೋಗಿ."

"ಗಿಡ?"

"ಗಿಡ ಎಲ್ಲಿಗ್ ತಕಂಡೋಯ್ತೀಯಾ, ಮಹಡಿಗಾ? ನೆಲದಲ್ಲಿರಾದೆಲ್ಲ ನೆಲದೋರ್ದು ಕಣಮ್ಮ."

ಪ್ರೇಮಕುಮಾರಿ ಬಾಗಿಲು ಹಾಕಿಕೊಂಡಳು. ಸಂಜೆ ಅಶೋಕನಿಗೆ ಹೇಳಿದಳು, "ಶನಿವಾರ ಬ್ಯಾಡ. ಗುರುವಾರಾನೇ ಓಗಾನ."

ಗುರುವಾರ ಬೆಳಿಗ್ಗೆ ಪಾತ್ರೆ, ಡಬ್ಬ, ಹಾಸಿಗೆ ಎಲ್ಲ ಕಟ್ಟಿಯಾಯಿತು. ಅಶೋಕ ಟೆಂಪೊ ಕರೆತರಲು ಹೋದ. ಅವನು ಬೀದಿ ತಿರುಗುವವರೆಗೂ ಕಾದು ಅವಳು ಮಚ್ಚು ತೆಗೆದುಕೊಂಡು ಹಿತ್ತಲಿಗೆ ಇಳಿದಳು.

ಮೊದಲು ಹೀರೆಬಳ್ಳಿ. ಬುಡದಲ್ಲಿ ಕೊಚ್ಚಿದಾಗ ಮೇಲಿನ ಹಳದಿ ಹೂಗಳಿಗೆ ಏನೂ ತಿಳಿಯಲಿಲ್ಲ. ಅವು ಚಪ್ಪರದ ಮೇಲೆ ಹಾಗೇ ಇದ್ದವು. ಅವಳು ಅವುಗಳಿಗೆ ಬೆನ್ನು ತಿರುಗಿಸಿದಳು. ಟೊಮೆಟೊ ಸಾಲಿಗೆ ಬಂದು ಒಂದೊಂದೇ ಗಿಡವನ್ನು ಬೇರುಸಮೇತ ಎಳೆದಳು. ಮಣ್ಣು ಹಾರಿ ಮುಖಕ್ಕೆ ಬಡಿಯಿತು. ಬದನೆಗೆ ಬರುವ ಹೊತ್ತಿಗೆ ಕೈಗೆ ಒಂದು ಹದ ಸಿಕ್ಕಿತ್ತು. ಕಡಿಯುವುದು ಹಿತವಾಗತೊಡಗಿತ್ತು. ಪರಂಗಿಯನ್ನು ಉರುಳಿಸಿದಳು. ಅದರ ಹಾಲು ಮೊಣಕೈವರೆಗೆ ಇಳಿಯಿತು. ಮಲ್ಲಿಗೆಯ ಬುಡಕ್ಕೆ ಮೂರು ಸಲ ಮಚ್ಚು ಹಾಕಿದಳು. ಸೀಬೆ ಗಿಡ ಮಾತ್ರ ಬಗ್ಗಲಿಲ್ಲ. ಕಾಲಿನಲ್ಲಿ ಒತ್ತಿ ಹಿಡಿದು ಕಡಿದಾಗ ಕಾಯಿಗಳ ಸಮೇತ ಅಡ್ಡ ಬಿತ್ತು.

"ಪ್ರೇಮಕ್ಕಾ, ಏನ್ ಮಾಡ್ತಿದ್ದೀರಾ?"

ವಿಜಯಮ್ಮನ ಸೊಸೆ ದೀಪಶ್ರೀ ಪಕ್ಕದ ಸಂದಿಯಿಂದ ಬಂದು ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ತುಂಬಿದ ಹೊಟ್ಟೆಯ ಮೇಲೆ ಒಂದು ಕೈ.

"ಕಣ್ ಕಾಣಕಿಲ್ವಾ? ನಿಮ್ಮತ್ತೆ ಊವ ಕಿತ್ಕೊಟ್ಟಾಗ ಬಾಯ್ಮುಚ್ಕಂಡು ಮುಡ್ಕಂಡ್ಯಲ್ಲ, ಈಗೂ ಅಂಗೇ ನೋಡು."

ಅಷ್ಟರಲ್ಲಿ ಸೊಸೆಯನ್ನು ಹುಡುಕಿಕೊಂಡು ವಿಜಯಮ್ಮ ಬಂದಳು. ಹಿತ್ತಲನ್ನು ಕಂಡು ಎದೆ ಬಡಿದುಕೊಂಡಳು.

"ಅಯ್ಯೋ ಪಾಪಿ ಮುಂಡೇದೇ! ಬಸುರಿ ಎಣ್ಣಿನ ಮುಂದೆ ಕಾಯಿ ಕಚ್ಚಿರೋ ಗಿಡ ಕಡೀತೀಯಲ್ಲೇ! ನಿನ್ ಕೈ ಸೇದೋಗ!"

"ನಾನೇನ್ ಅವಳ್ನ ನೋಡು ಬಾ ಅಂತ ಕರ್ದಿದ್ನಾ?" ಪ್ರೇಮಕುಮಾರಿ ಮಚ್ಚು ಕೆಳಗಿಡಲಿಲ್ಲ. "ನೆಲ ನಿಮ್ದು, ಅಲ್ವಾ? ಅದೇನ್ ನಾ ಮುಟ್ಟಿಲ್ಲ. ಅಲ್ಲೇ ಐತೆ ನೋಡ್ಕಳಿ."

"ದೀಪಾ, ಒಳಿಕ್ ನಡಿ. ಇದ್ನೆಲ್ಲ ನೋಡ್ಬಾರ್ದು. ನಡಿ ಅಂದೆ."

ದೀಪಶ್ರೀ ನಡೆಯಲಿಲ್ಲ. ಕಲ್ಲನ್ನು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದಳು. ಬಿದ್ದ ಸೀಬೆಯ ರೆಂಬೆಯಿಂದ ಒಂದು ಹಸಿರು ಕಾಯಿ ಕಿತ್ತು, ಸೀರೆಗೆ ಒರೆಸಿ ಕಚ್ಚಿದಳು. ಗಟ್ಟಿಗಾಯಿ ಕಟಕ್ ಎಂದಿತು. ಒಗರಿಗೆ ಅವಳ ಕಣ್ಣು ಮುಚ್ಚಿಕೊಂಡವು. ಅಗಿದು ನುಂಗಿ ಇನ್ನೊಮ್ಮೆ ಕಚ್ಚಿದಳು. ಇಬ್ಬರೂ ಅವಳ ಬಾಯನ್ನೇ ನೋಡುತ್ತ ನಿಂತರು.

"ಉಪ್ಪು ಐತಾ ಪ್ರೇಮಕ್ಕ?"

ಪ್ರೇಮಕುಮಾರಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ದಿಟ್ಟಿಸಿದಳು. ಮಚ್ಚನ್ನು ಮೆಟ್ಟಿಲ ಮೇಲೆ ಎಸೆದು ಒಳಗೆ ಹೋದಳು. ಅಡುಗೆಮನೆಯ ಡಬ್ಬಗಳೆಲ್ಲ ಗೋಣಿಚೀಲದಲ್ಲಿದ್ದವು. ಅಶೋಕ ಹಗ್ಗವನ್ನು ಎಳೆದು ಕಟ್ಟಿದ್ದ. ಪರಂಗಿಯ ಹಾಲು ಅಂಟಿದ ಬೆರಳುಗಳಿಗೆ ಗಂಟು ಜಾರುತ್ತಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು.

ಹಿಡಿ ಕಲ್ಲುಪ್ಪಿನೊಂದಿಗೆ ಹೊರಗೆ ಬಂದಾಗ ವಿಜಯಮ್ಮ ಇನ್ನೂ ಅಲ್ಲೇ ಇದ್ದಳು. ದೀಪಶ್ರೀ ಅಂಗೈ ಚಾಚಿದಳು. ಪ್ರೇಮಕುಮಾರಿ ಉಪ್ಪನ್ನು ಅವಳ ಕೈಗೆ ಕೊಡಲಿಲ್ಲ. ಒಗೆಯುವ ಕಲ್ಲಿನ ಒಣಗಿದ ಕಡೆಯಲ್ಲಿ ಸುರಿದು, ಎರಡು ಹೆಜ್ಜೆ ಹಿಂದೆ ಸರಿದಳು.

ಬೀದಿಯಲ್ಲಿ ಟೆಂಪೊ ಹಾರನ್ ಹೊಡೆಯಿತು. ಯಾರೂ ಅತ್ತ ತಿರುಗಲಿಲ್ಲ. ದೀಪಶ್ರೀ ಕಚ್ಚಿದ ಕಾಯನ್ನು ಉಪ್ಪಿಗೆ ಒತ್ತಿ, ಮತ್ತೆ ಬಾಯಿಗಿಟ್ಟಳು.